ಗಾಳ ಹಾಕೋ ಮೊದಲು ಒಂದು ಮಾತು ಕೇಳಿ

ರಜೆ ಬಂದರೆ ಗಾಳ ಹಿಡ್ಕೊಂಡು ಕುಮಟಾ ಕಡೆ ಹೊರಡೋದು ನಮ್ಮ ಗ್ಯಾಂಗಿನ ವರ್ಷದ ಪದ್ಧತಿ. ಈ ಸಲ ಜೊತೆಗೆ ಬರೋ ಜೂನಿಯರ್‌ಗಳಿಗೆ ಮೊದಲೇ ಹೇಳಿಬಿಡ್ತೀವಿ: ಅಘನಾಶಿನಿ ಅಳಿವೆಯ ಗಜನಿ ಯಾರಿಗೂ ಸೇರದ ಜೌಗು ಅಲ್ಲ, ಅದು ಗದ್ದೆ. ಮಳೆಗಾಲದಲ್ಲಿ ಉಪ್ಪುನೀರು ತಡ್ಕೊಳ್ಳೋ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಬ್ಬರದ ಜೊತೆ ಒಳಗೆ ಬರೋ ಮೀನು, ಸಿಗಡಿ. ಎರಡೂ ಬೆಳೆಯೇ. ತೋಟದ ಮಾವು ಕೀಳೋಕೆ ಯಜಮಾನರನ್ನ ಕೇಳ್ತೀವಿ, ಇಲ್ಲಿ ಯಾಕೆ ಕೇಳಬಾರದು? 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿ ಸೇರಿದೆ. ಅದು ಪಿಕ್‌ನಿಕ್ ಸ್ಪಾಟ್ ಅಂತ ಕೊಟ್ಟ ಸರ್ಟಿಫಿಕೇಟ್ ಅಲ್ಲ ಮಾರಾಯ್ರೆ! ಮಣ್ಣಿನ ಕಟ್ಟೆ ಮೇಲೆ ಬೈಕ್ ಬೇಡ. ಒಡೆದರೆ ಉಪ್ಪುನೀರು ಗದ್ದೆಗೆ ನುಗ್ಗುತ್ತೆ. ಗಜನಿಯವರು ಗಾಳ ಬೇಡ ಅಂದ್ರೆ ಅವರ ಹತ್ರಾನೇ ಮೀನು ಕೊಂಡ್ಕೊಳ್ಳೋಣ.