ಮೊದಲ ಪ್ರವಾಸ ಸ್ವಂತ ತಾಲ್ಲೂಕಿಗೇ ಆಗಲಿ



ಡಿಸೆಂಬರ್ ಸಮೀಪಿಸಿತೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಸಡಗರ ಆರಂಭವಾಗುತ್ತದೆ. ಹಂಪಿ, ಬೇಲೂರು, ಹಳೇಬೀಡು, ಮೈಸೂರು ಎಂಬ ಪಟ್ಟಿ ನಾನು ಸೇವೆಗೆ ಸೇರಿದಾಗಲೂ ಇತ್ತು, ನಿವೃತ್ತನಾದಾಗಲೂ ಇತ್ತು. ಅವು ನೋಡಲೇಬೇಕಾದ ಸ್ಥಳಗಳೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಚನ್ನಗಿರಿ ತಾಲ್ಲೂಕಿನ ಬಾಲಕನೊಬ್ಬ ಹತ್ತನೆಯ ತರಗತಿ ಮುಗಿಸಿಯೂ ಸಂತೆಬೆನ್ನೂರಿನ ಪುಷ್ಕರಣಿಯನ್ನು ಕಂಡಿಲ್ಲವೆಂದರೆ, ಆ ಪಟ್ಟಿಯಲ್ಲಿ ಏನೋ ಕೊರತೆಯಿದೆ ಎಂದೇ ನನ್ನ ಅಭಿಪ್ರಾಯ. ಮಗುವಿನ ಮೊದಲ ಪ್ರವಾಸ ಅದರ ಸ್ವಂತ ತಾಲ್ಲೂಕಿಗೇ ಆಗಬೇಕು.

ಕಳೆದ ವರ್ಷ ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಸ್ಪೇನ್ ದೇಶದ ಕೊರ್ಡೋಬಾ ನಗರದ ಚಿತ್ರಗಳನ್ನು ಕಳುಹಿಸಿದ್ದರು. ಅಲ್ಲಿನ ಮಹಾಮಸೀದಿ 8ನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ್ದು. 1236ರಲ್ಲಿ ನಗರ ಕ್ರೈಸ್ತ ದೊರೆಯ ವಶವಾದಾಗ ಅದು ಚರ್ಚ್ ಆಯಿತು. 16ನೆಯ ಶತಮಾನದಲ್ಲಿ ಆ ಕಂಬಗಳ ಸಾಲಿನ ನಡುವೆಯೇ ದೊಡ್ಡ ಕೆಥೆಡ್ರಲ್ ಎದ್ದಿತು. 1984ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. "ಸಾರ್, ಒಂದೇ ಕಟ್ಟಡದಲ್ಲಿ ಎರಡು ಚರಿತ್ರೆ!" ಎಂದು ಅವರು ಬೆರಗಾಗಿ ಬರೆದಿದ್ದರು. ನಾನು ಉತ್ತರವಾಗಿ ಕೇಳಿದ್ದು ಇಷ್ಟೇ: "ಸಂತೆಬೆನ್ನೂರನ್ನು ನೋಡಿದ್ದೀಯೇನಪ್ಪಾ?" ನೋಡಿರಲಿಲ್ಲ.

ಸಂತೆಬೆನ್ನೂರಿನ ಪುಷ್ಕರಣಿಯನ್ನು 16ನೆಯ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಪ್ಪನಾಯಕ ದೇವಾಲಯದ ಕೊಳವಾಗಿ ಕಟ್ಟಿಸಿದನೆಂದು ಚರಿತ್ರೆ ಹೇಳುತ್ತದೆ. ನಾಲ್ಕೂ ದಿಕ್ಕಿನಿಂದ ಇಳಿಯುವ ಮೆಟ್ಟಿಲುಗಳು, ಸುತ್ತಲೂ ಕಲ್ಲಿನ ಮಂಟಪಗಳು, ನೀರಿನ ನಡುವೆ ಗೋಪುರದಂತೆ ನಿಂತ ವಸಂತ ಮಂಟಪ. ಆ ಮಂಟಪದ ಕಮಾನುಗಳನ್ನು ಗಮನಿಸಿರಿ. ಹಿಂದೂ ಪಾಳೆಯಗಾರನ ಕೊಳದಲ್ಲಿ ಇಸ್ಲಾಮೀ ವಾಸ್ತುಶೈಲಿಯ ಛಾಯೆ ಸ್ಪಷ್ಟವಾಗಿ ಕಾಣುತ್ತದೆ. ಮುಂದೆ ಬಿಜಾಪುರದ ಸೇನಾನಿ ರಣದುಲ್ಲಾಖಾನ ಊರನ್ನು ವಶಪಡಿಸಿಕೊಂಡು ದೇವಾಲಯವನ್ನು ಕೆಡವಿಸಿದ. ಅಲ್ಲಿ ಎದ್ದ ಕಟ್ಟಡವನ್ನೇ ಇಂದು ಮುಸಾಫಿರ್‌ಖಾನೆ ಎನ್ನುತ್ತೇವೆ. ನಾಯಕರ ವಂಶ ತರೀಕೆರೆಗೆ ಸರಿಯಿತು. ಕೊಳವೂ ಉಳಿಯಿತು, ಮುಸಾಫಿರ್‌ಖಾನೆಯೂ ಉಳಿಯಿತು. ಕೆಡವಿದ್ದನ್ನು ಮುಚ್ಚಿಡದೆ, ಕಟ್ಟಿದ್ದನ್ನು ಮರೆಯದೆ, ಎರಡನ್ನೂ ಮಕ್ಕಳಿಗೆ ಹೇಳಬೇಕು. ಅರ್ಧ ಕಥೆ ಹೇಳಿದರೆ ದ್ವೇಷ ಬೆಳೆಯುತ್ತದೆ, ಇಲ್ಲವೇ ಅಜ್ಞಾನ ಬೆಳೆಯುತ್ತದೆ.

ಅದೇ ತಾಲ್ಲೂಕಿನ ಹೊದಿಗೆರೆಯಲ್ಲಿ ಶಿವಾಜಿ ಮಹಾರಾಜರ ತಂದೆ ಷಹಾಜಿಯ ಸಮಾಧಿಯಿದೆ. 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಆತ ಅಲ್ಲಿ ಮಡಿದ. ಚನ್ನಗಿರಿಯ ಹೆಸರಾದರೋ ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂದದ್ದೆಂದು ಹೇಳುತ್ತಾರೆ. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಅವಳೇ. ತಾತನ ಸಮಾಧಿ, ಮೊಮ್ಮಗನನ್ನು ಕಾಪಾಡಿದವಳ ಹೆಸರಿನ ಊರು, ಎರಡೂ ಒಂದೇ ತಾಲ್ಲೂಕಿನಲ್ಲಿ! ಪಠ್ಯಪುಸ್ತಕದ ಎರಡು ಬೇರೆ ಬೇರೆ ಪಾಠಗಳು ಇಲ್ಲಿ ಒಂದೇ ಬಸ್ಸಿನ ದಾರಿಯಲ್ಲಿ ಸೇರುತ್ತವೆ. ಚನ್ನಗಿರಿಯ ಕೋಟೆ, ಹೊದಿಗೆರೆ, ಸೂಳೆಕೆರೆಯ ಏರಿ, ಸಂತೆಬೆನ್ನೂರು ಇವಿಷ್ಟನ್ನೂ ಒಂದೇ ದಿನದಲ್ಲಿ ನೋಡಿ ಮಕ್ಕಳು ಸಂಜೆಗೆ ಮನೆ ಸೇರಬಹುದು.

"ನಮ್ಮಲ್ಲಿ ಅಂಥದ್ದೇನಿದೆ ಸಾರ್?" ಎಂದು ಉಳಿದ ತಾಲ್ಲೂಕಿನವರು ಕೇಳುತ್ತಾರೆ. ಹೊನ್ನಾಳಿಯಲ್ಲಿ ತುಂಗಭದ್ರೆಯಿದ್ದಾಳೆ, ಹಿರೇಕಲ್ಮಠವಿದೆ. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ 12 ಮತ್ತು 13ನೆಯ ಶತಮಾನಗಳಲ್ಲಿ ಆಳಿದ ಸಿಂದರ ರಾಜಧಾನಿ. ಸಮೀಪದ ಬೆಟ್ಟದಲ್ಲಿ ತೀರ್ಥರಾಮೇಶ್ವರವಿದೆ. ಸೂರಗೊಂಡನಕೊಪ್ಪ ಬಂಜಾರ ಜನರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳ. ಜಗಳೂರಿಗೆ ಬಂದರೆ ಕೊಣಚಗಲ್ ಗುಡ್ಡವಿದೆ. 1957 ಮತ್ತು 1967ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದ ಜೆ. ಮೊಹಮ್ಮದ್ ಇಮಾಮ್ ಅವರ ನೆನಪಿದೆ. ಆದರೆ ಇಂದಿನ ಎಷ್ಟು ಮಕ್ಕಳಿಗೆ ಆ ಹೆಸರು ಗೊತ್ತು?

ಈ ನಾಲ್ಕೂ ತಾಲ್ಲೂಕುಗಳಿಗೆ ಇನ್ನೊಂದು ಅನನುಕೂಲವಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯ ಭಾಗವಾಗಿತ್ತು. ಆದ್ದರಿಂದ ನಮ್ಮ ಶಾಸನಗಳೂ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಹಾಗೂ 11ನೆಯ ಸಂಪುಟಗಳಲ್ಲಿ ಹಂಚಿಹೋಗಿವೆ. ಅಂದಹಾಗೆ ಈ ರೈಸ್ ಅವರೂ ಶಿಕ್ಷಣ ಇಲಾಖೆಯವರೇ. ಶಾಲಾ ತನಿಖೆಗೆಂದು ಹಳ್ಳಿ ಹಳ್ಳಿ ಸುತ್ತುವಾಗಲೇ ಶಾಸನಗಳ ಆಸಕ್ತಿ ಬೆಳೆಸಿಕೊಂಡವರು. ಮೇಷ್ಟರುಗಳಾದ ನಮಗೆ ಇದಕ್ಕಿಂತ ದೊಡ್ಡ ಮಾದರಿ ಬೇಕೆ?

"ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲ" ಎಂಬ ಆಕ್ಷೇಪ ನನಗೆ ಗೊತ್ತು. "ದೂರದ ಊರಾದರೆ ಮಾತ್ರ ಪೋಷಕರು ದುಡ್ಡು ಕೊಡುತ್ತಾರೆ" ಎಂಬುದೂ ಗೊತ್ತು. ಆದರೆ ಅರಿಯದ ಕಲ್ಲು ಬಹುಕಾಲ ಉಳಿಯುವುದಿಲ್ಲ. ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ, ಶಾಸನದ ಅಕ್ಷರಗಳ ಮೇಲೆ ಸುಣ್ಣ ಬೀಳುತ್ತದೆ, ನಿಧಿಯಾಸೆಗೆ ಗುಡಿಯ ಪೀಠವನ್ನೇ ಅಗೆಯುತ್ತಾರೆ. ಇಲಾಖೆಯ ಫಲಕ ಇವನ್ನೆಲ್ಲ ತಡೆಯಲಾರದು. "ಇದು ನಮ್ಮೂರಿನದು, ಮುಟ್ಟಬೇಡಿ" ಎನ್ನುವ ಹುಡುಗನೊಬ್ಬ ತಡೆಯಬಲ್ಲ. ನಮ್ಮ ಸಂಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಅದನ್ನು ಬಾಯಿಪಾಠ ಮಾಡಿಸಿದರೆ ಸಾಲದು.

ನನ್ನ ಸಲಹೆ ಸರಳವಾದುದು. ಎಂಟನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೊಂದು ದಿನ ಸ್ವಂತ ತಾಲ್ಲೂಕಿನ ಪ್ರವಾಸವಿರಲಿ. ಪ್ರತಿಯೊಂದು ಮಗುವೂ ತನ್ನ ಊರಿನ ಒಂದು ಕಲ್ಲು, ಗುಡಿ, ಮಸೀದಿ, ಬಾವಿ ಅಥವಾ ಹಳೆಯ ಕಚೇರಿಯ ಬಗ್ಗೆ ಹಿರಿಯರನ್ನು ಕೇಳಿ ಒಂದು ಪುಟ ಬರೆಯಲಿ, ಚಿತ್ರ ತೆಗೆಯಲಿ. ಆ ಪುಟಗಳನ್ನು ಶಾಲೆಯ ಒಂದು ಬೀರುವಿನಲ್ಲಿ ಜೋಡಿಸಿಡಿ. ಅದೇ ಊರಿನ ಪುಟ್ಟ ವಸ್ತುಸಂಗ್ರಹಾಲಯ. ಆದರೆ ಕಲ್ಲುಗಳನ್ನೇ ಎತ್ತಿ ತರಬೇಡಿ. ನಿಂತ ಜಾಗದಿಂದ ಕದಲಿಸಿದ ಶಾಸನ ತನ್ನ ಅರ್ಧ ಅರ್ಥವನ್ನು ಕಳೆದುಕೊಳ್ಳುತ್ತದೆ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ, ಎಸ್‌ಡಿಎಂಸಿ ಸದಸ್ಯರಾಗಿದ್ದೀರಿ. ಈ ಮಾತನ್ನು ಮುಂದಿನ ಸಭೆಯಲ್ಲಿ ಎತ್ತಿರಿ. ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವವರು ಈ ಬಾರಿ ಹಬ್ಬಕ್ಕೆ ಊರಿಗೆ ಬಂದಾಗ ಮಕ್ಕಳನ್ನು ಪುಷ್ಕರಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂರಿಸಿರಿ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ತಿಳಿಯದಿದ್ದರೆ ನನಗೆ ಬರೆಯಿರಿ, ಕೂಡಿ ಹುಡುಕೋಣ.