ಇಷ್ಟು ವರ್ಷ ಏನ್ಮಾಡ್ತಿದ್ರಿ?

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಕೇರಿಯಲ್ಲಿ ಓದೋಕೆ ಬಾರದ ಹಿರಿಯರಿದ್ದರೆ ಅವರಿಗೂ ಓದಿ ಹೇಳಿ.

ಹೋದ ವಾರ ಎ.ಸಿ. ಕೋರ್ಟಿನಲ್ಲಿ ನಮ್ಮ ಜಮೀನಿನ ಕೇಸಿತ್ತು. ಎದುರು ಪಾರ್ಟಿಯ ವಕೀಲರು ನಮ್ಮ ಅತ್ತೆ ಕಡೆ ತಿರುಗಿ, "ಏನಮ್ಮಾ, 1979ರಲ್ಲೇ ಕಾನೂನು ಬಂತು. ನೀವು ಅರ್ಜಿ ಹಾಕಿದ್ದು 2006ರಲ್ಲಿ. ಇಷ್ಟು ವರ್ಷ ಏನ್ಮಾಡ್ತಿದ್ರಿ?" ಅಂದರು. ಅತ್ತೆಗೆ ಎಪ್ಪತ್ತು ದಾಟಿದೆ. ಅವರು ಸೆರಗು ಸರಿಮಾಡಿಕೊಂಡು ಹೇಳಿದ್ದು ಇಷ್ಟೇ: "ಅದೇ ಹೊಲದಲ್ಲಿ ರಾಗಿ ಕೊಯ್ತಿದ್ದೆ ಸ್ವಾಮಿ, ಕೂಲಿಗೆ."

ವಕೀಲರು ಅದನ್ನ ಬರೆದುಕೊಳ್ಳಲಿಲ್ಲ. ಅದಕ್ಕೇ ನಾನು ಇಲ್ಲಿ ಬರೀತಿದ್ದೀನಿ.

ನಮ್ಮ ತಾತನಿಗೆ 1961ರಲ್ಲಿ ದರಖಾಸ್ತಿನಲ್ಲಿ ಮಂಜೂರಾದದ್ದು 2 ಎಕರೆ 12 ಗುಂಟೆ ಖುಷ್ಕಿ. 15 ವರ್ಷ ಪರಭಾರೆ ಮಾಡಬಾರದು ಅಂತ ಸಾಗುವಳಿ ಚೀಟಿಯಲ್ಲೇ ಷರತ್ತಿದೆ. 1969ರಲ್ಲಿ ಇದೇ ಅತ್ತೆಯ ಮದುವೆಗೆ ಊರಿನ ದೊಡ್ಡವರ ಹತ್ತಿರ 600 ರೂಪಾಯಿ ಸಾಲ ತಗೊಂಡರು. "ಭೋಗ್ಯಕ್ಕೆ ಬರೆದುಕೊಡು, ದುಡ್ಡು ಕೊಟ್ಟ ದಿನ ಹೊಲ ಬಿಡಿಸ್ಕೋ" ಅಂದರಂತೆ. ತಾತ ಹೆಬ್ಬೆಟ್ಟು ಒತ್ತಿದರು. ಕಾಗದದಲ್ಲಿ ಇದ್ದದ್ದು ಶುದ್ಧ ಕ್ರಯ. 8 ವರ್ಷಕ್ಕೇ ಷರತ್ತು ಮುರಿದು ಮಾಡಿಸಿಕೊಂಡ ಕ್ರಯ ಅದು, ರಿಜಿಸ್ಟ್ರೇಷನ್ ಆಗಿದೆ. ಸರ್ಕಾರದ ಮುದ್ರೆ ಬಿದ್ದಿದೆ, ಸ್ಟಾಂಪ್ ಶುಲ್ಕವೂ ಖಜಾನೆಗೆ ಹೋಗಿದೆ. ಮಾರಬಾರದು ಅಂತ ಬರೆದುಕೊಟ್ಟ ಸರ್ಕಾರವೇ ಮಾರಾಟದ ಶುಲ್ಕ ಎಣಿಸಿಕೊಂಡಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಕಾನೂನಿಗೆ ಬರೋಣ. ನಮ್ಮವರು ಪಿ.ಟಿ.ಸಿ.ಎಲ್. ಅಂತ ಬಾಯಿಪಾಠ ಹೇಳ್ತಾರೆ, ಒಳಗೆ ಏನಿದೆ ಅಂತ ಓದಿದವರು ಕಡಿಮೆ. ಕರ್ನಾಟಕ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆ, 1978. ದೇವರಾಜ ಅರಸು ಸರ್ಕಾರದ ಕಾಲದ್ದು, ಜಾರಿಗೆ ಬಂದದ್ದು 1979ರ ಜನವರಿ 1ಕ್ಕೆ. 4ನೇ ಕಲಂ ಪ್ರಕಾರ ಮಂಜೂರಾತಿ ಷರತ್ತು ಮುರಿದು ಮಾಡಿದ ಪರಭಾರೆ, ಅದು ಕಾಯ್ದೆಗಿಂತ ಹಿಂದಿನದಾಗಲಿ ಮುಂದಿನದಾಗಲಿ, ಶೂನ್ಯ. ಕಾಯ್ದೆ ಬಂದ ಮೇಲಂತೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರೋ ಹಾಗೇ ಇಲ್ಲ. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನ ಎತ್ತಿಹಿಡೀತು.

5ನೇ ಕಲಂ ಓದಿ. ಎ.ಸಿ. ಯಾವಾಗ ಕ್ರಮ ತಗೋಬೇಕು? ಸಂಬಂಧಪಟ್ಟವರು ಅರ್ಜಿ ಹಾಕಿದಾಗ. ಅಥವಾ ಯಾರೇ ಆಗಲಿ ಲಿಖಿತ ಮಾಹಿತಿ ಕೊಟ್ಟಾಗ. ಅಥವಾ ಯಾರೂ ಏನೂ ಹೇಳದೆ ತಾನಾಗಿಯೇ. ಹೌದು, ಸ್ವಯಂಪ್ರೇರಿತವಾಗಿ. ಅಷ್ಟೇ ಅಲ್ಲ, ಮಂಜೂರಾದ ಜಮೀನು ಮೂಲ ಮಂಜೂರಾತಿದಾರ ಅಥವಾ ಅವನ ವಾರಸುದಾರರ ಬಿಟ್ಟು ಬೇರೆಯವರ ಸ್ವಾಧೀನದಲ್ಲಿದ್ದರೆ, ಅದು ಶೂನ್ಯ ಪರಭಾರೆಯಿಂದಲೇ ಬಂದದ್ದು ಅಂತ ಭಾವಿಸಬೇಕು. ಅಲ್ಲ ಅಂತ ರುಜುವಾತು ಮಾಡೋ ಹೊಣೆ ಇಟ್ಕೊಂಡವರದ್ದು.

ಹಾಗಾದರೆ ಯಾರು ತಡ ಮಾಡಿದ್ದು ಸ್ವಾಮಿ? ಯಾರಿಗೆ ಯಾವ ಸರ್ವೆ ನಂಬರು ಮಂಜೂರಾಯ್ತು ಅನ್ನೋ ರಿಜಿಸ್ಟರ್ ಇರೋದು ತಾಲ್ಲೂಕು ಕಚೇರಿಯಲ್ಲಿ. ಈಗ ಯಾರು ಉಳ್ತಿದ್ದಾರೆ ಅನ್ನೋ ಪಹಣಿ ಬರೆದಿದ್ದೂ ಅದೇ ಇಲಾಖೆ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದ್ದರೆ 1979ರಲ್ಲೇ ಗೊತ್ತಾಗ್ತಿತ್ತು. ಓದು ಬಂದವರು, ಸಂಬಳ ತಗೊಳ್ಳೋರು, ಅಧಿಕಾರ ಇರೋರು 27 ವರ್ಷ ಪುಸ್ತಕ ತೆಗೆಯಲಿಲ್ಲ. ತಡ ಮಾಡಿದವಳು ಕೂಲಿಗೆ ರಾಗಿ ಕೊಯ್ಯೋ ಹೆಂಗಸಾ?

ಇನ್ನು ನಮ್ಮಪ್ಪ. ಅದೇ ದೊಡ್ಡವರ ಮನೆಯಲ್ಲಿ ಜೀತಕ್ಕಿದ್ದರು. 1976ರಲ್ಲಿ ಜೀತ ನಿರ್ಮೂಲನೆ ಕಾನೂನು ಬಂದಿದೆ ಅನ್ನೋದು ನಮ್ಮ ಹಟ್ಟಿಗೆ ಗೊತ್ತಾಗೋಕೆ ಎಷ್ಟೋ ವರ್ಷ ಬೇಕಾಯ್ತು. ಯಾರ ಕೊಟ್ಟಿಗೆಯಲ್ಲಿ ಮಲಗ್ತಿದ್ರೋ ಅವರ ಮೇಲೇ ಕೇಸು ಹಾಕಬೇಕಿತ್ತಾ? ಹಾಕಿದ್ದರೆ ಮಾರನೇ ದಿನ ಹಿಟ್ಟು ಎಲ್ಲಿಂದ ಬರ್ತಿತ್ತು? ಭಯಕ್ಕೂ ಹಸಿವಿಗೂ ಕಡತದಲ್ಲಿ ದಿನಾಂಕ ಇರಲ್ಲ. ಅದಕ್ಕೇ ಅವೆಲ್ಲ 'ವಿಳಂಬ' ಅಂತ ಒಂದೇ ಪದದಲ್ಲಿ ಮುಗಿದು ಹೋಗುತ್ತೆ.

2006ರಲ್ಲಿ ಅರ್ಜಿ ಹಾಕಿದ್ವಿ. ಮಂಜೂರಾತಿ ಕಡತದ ನಕಲು ಕೇಳಿದರೆ 'ಕಡತ ಲಭ್ಯವಿಲ್ಲ' ಅಂತ ಹಿಂಬರಹ ಕೊಟ್ಟರು. ಅದರ ಹಿಂದೆ ಎರಡು ವರ್ಷ ತಿರುಗಿದ್ವಿ. ಕೊನೆಗೆ ಸಾಗುವಳಿ ಚೀಟಿ ಸಿಕ್ಕಿದ್ದು ಅತ್ತೆಯ ತಗಡಿನ ಟ್ರಂಕಿನಲ್ಲಿ, ಹಳೇ ಸೀರೆಯ ಮಡಿಕೆಯಲ್ಲಿ. 2012ರಲ್ಲಿ ಆದೇಶ ನಮ್ಮ ಕಡೆ ಆಯ್ತು, ಡಿ.ಸಿ. ಅದನ್ನೇ ಎತ್ತಿಹಿಡಿದರು. ಕೊಂಡವರು ಮೇಲಿನ ಕೋರ್ಟಿಗೆ ಹೋದರು.

ಅಷ್ಟರಲ್ಲಿ 2017ರ ಅಕ್ಟೋಬರ್ ಬಂತು. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಕಾಲಮಿತಿ ಹೇಳದಿದ್ದರೂ ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕು, ತೀರಾ ತಡವಾಯ್ತು ಅಂದಿತು. ಆಮೇಲೆ ರಾಜ್ಯದ ತುಂಬ ನಮ್ಮವರ ಕೇಸುಗಳು ಒಂದರ ಹಿಂದೆ ಒಂದು ಬಿದ್ದವು. ಫ್ರೀಡಂ ಪಾರ್ಕಿನಲ್ಲಿ ಬಿಸಿಲು ಮಳೆ ಅನ್ನದೆ ಕೂತು ಹೋರಾಡಿದ ಮೇಲೆ 2023ರಲ್ಲಿ ತಿದ್ದುಪಡಿ ಬಂತು: ಈ ಕಾಯ್ದೆಯಡಿ ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ, ಬಾಕಿ ಇರೋ ಕೇಸುಗಳಿಗೂ ಇದು ಅನ್ವಯ. ಸಿಹಿ ಹಂಚಿದ್ವಿ. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ವಿಪರೀತ ವಿಳಂಬ ಬೇರೆ, ಕಾಲಮಿತಿ ತೆಗೆದರೂ ವಿಳಂಬದ ಪ್ರಶ್ನೆ ಉಳಿಯುತ್ತೆ ಅಂದಿತು. ಕೋರ್ಟಿನ ಮೇಲೆ ಗೌರವ ಇಟ್ಟುಕೊಂಡೇ ಕೇಳ್ತೀನಿ, ಇದನ್ನ ನಮ್ಮ ಅತ್ತೆಗೆ ಹೇಗೆ ಬಿಡಿಸಿ ಹೇಳಲಿ? ನಮ್ಮ ಕೇಸೂ ಈಗ ವಿಳಂಬದ ಬಗ್ಗೆ ಮತ್ತೆ ವಿಚಾರಣೆ ಮಾಡಿ ಅಂತ ಎ.ಸಿ. ಹತ್ತಿರ ವಾಪಸ್ ಬಂದಿದೆ. ಸರ್ಕಾರ ತಿದ್ದುಪಡಿ ಮಾಡಿ ಕೈತೊಳೆದುಕೊಂಡರೆ ಆಗಲಿಲ್ಲ. ಸ್ವಯಂಪ್ರೇರಿತ ಕ್ರಮ ಯಾಕೆ ತಗೊಳ್ಳಲಿಲ್ಲ ಅಂತ ತನ್ನ ತಪ್ಪನ್ನ ತಾನೇ ಕೋರ್ಟಿನಲ್ಲಿ ಒಪ್ಪಿಕೊಳ್ಳಲಿ. ವಿಳಂಬ ಅರ್ಜಿದಾರರದ್ದಲ್ಲ, ನಮ್ಮ ಇಲಾಖೆಯದ್ದು ಅಂತ ಒಂದು ಅಫಿಡವಿಟ್ ಹಾಕಲಿ ನೋಡೋಣ.

ಕೆಲವು ಗೆಳೆಯರು, ಅದರಲ್ಲಿ ಪ್ರಗತಿಪರರೂ ಇದ್ದಾರೆ, ಕೇಳ್ತಾರೆ: ಮೂರನೇ ಕೈ ನಾಲ್ಕನೇ ಕೈಯಲ್ಲಿ ಸಾಲ ಮಾಡಿ ಕೊಂಡ ಬಡ ರೈತನ ಗತಿ ಏನು? ನ್ಯಾಯವಾದ ಪ್ರಶ್ನೆ. ನಮ್ಮ ಹೊಲದಲ್ಲೂ ಈಗಿರೋರು ಆ ದೊಡ್ಡವರ ಮನೆಯವರಲ್ಲ, ಅವರಿಂದ ಕೊಂಡವರು. ಅವರ ಮೇಲೆ ನನಗೆ ದ್ವೇಷ ಇಲ್ಲ. ಆದರೆ ನಿಷೇಧ ಇರೋ ಜಮೀನನ್ನ ನೋಂದಣಿ ಮಾಡಿ ಪ್ರತಿ ಸಲ ಶುಲ್ಕ ತಗೊಂಡದ್ದು ಸರ್ಕಾರ ಅಲ್ವಾ? ಆ ರೈತನಿಗೆ ಪರಿಹಾರ ಸರ್ಕಾರ ಕೊಡಲಿ. ಅವನ ನಷ್ಟವನ್ನ ನಮ್ಮ ತಾತನ ಹೊಲದಿಂದ ತುಂಬಿಸಬೇಡಿ.

ಇನ್ನು ಕಂದಾಯದ ಮಾತು. ಎದುರು ಪಾರ್ಟಿಯವರು ಒಂದು ಕಟ್ಟು ರಶೀದಿ ತಂದು ಮೇಜಿನ ಮೇಲೆ ಇಡ್ತಾರೆ. ನಮ್ಮವರು ಅದನ್ನ ನೋಡಿಯೇ ಹೆದರಿಬಿಡ್ತಾರೆ. ಕಂದಾಯ ಕಟ್ಟಿದ ಮಾತ್ರಕ್ಕೆ ಮಾಲೀಕತ್ವ ಬರಲ್ಲ. ಪಹಣಿಯಲ್ಲಿ ಹೆಸರು ಇದ್ದ ಮಾತ್ರಕ್ಕೂ ಬರಲ್ಲ. ಪಹಣಿ ಸರಿ ಅಂತ ಮೊದಲಿಗೆ ಭಾವಿಸ್ತಾರೆ, ತಪ್ಪು ಅಂತ ಸಾಬೀತು ಮಾಡೋಕೆ ಅವಕಾಶ ಇದೆ. ಖಾತೆ ಬದಲಾವಣೆ ಹಕ್ಕು ಕೊಡಲ್ಲ ಅಂತ ಸುಪ್ರೀಂ ಕೋರ್ಟು ಎಷ್ಟು ಸಲ ಹೇಳಿದೆಯೋ ಲೆಕ್ಕ ಇಲ್ಲ. ಹಾಗಂತ ಪಹಣಿ ಬಿಟ್ಟು ಕೂರಬೇಡಿ. ಹೆಸರು ಇಲ್ಲದಿದ್ದರೆ ಸಾಲ ಇಲ್ಲ, ಬೆಳೆ ಪರಿಹಾರ ಇಲ್ಲ, ನೋಟಿಸೂ ಮನೆಗೆ ಬರಲ್ಲ. ತಾತ ಸತ್ತು ಮುವತ್ತು ವರ್ಷ ಆದರೂ 9ನೇ ಕಲಂನಲ್ಲಿ ತಾತನ ಹೆಸರೇ ಇರೋ ಮನೆಗಳು ನಮ್ಮ ಕೇರಿಗಳಲ್ಲಿ ಎಷ್ಟಿಲ್ಲ? ಪೌತಿ ಖಾತೆ ಮಾಡಿಸಿ. ಮಾಡಿಸೋಕೆ ಹೋದರೆ ಮರಣ ಪತ್ರ ಬೇಕು. ತಾತ ಸತ್ತಾಗ ಯಾರೂ ಬರೆಸಿಲ್ಲ, ವರ್ಷ ದಾಟಿದ್ದಕ್ಕೆ ಆದೇಶ ತರಬೇಕು. ಆಮೇಲೆ ವಂಶವೃಕ್ಷ. ಒಂದೊಂದಕ್ಕೂ ಒಂದು ದಿನದ ಕೂಲಿ, ಬಸ್ ಚಾರ್ಜು, 'ಸಾಹೇಬ್ರು ಮೀಟಿಂಗಲ್ಲಿದ್ದಾರೆ'. ಇದನ್ನೂ ವಿಳಂಬದ ಲೆಕ್ಕಕ್ಕೇ ಸೇರಿಸಿಕೊಳ್ತಾರೆ.

2024ರ ಎಲೆಕ್ಷನ್ ಟೈಮಲ್ಲಿ ಪಿತ್ರಾರ್ಜಿತ ಆಸ್ತಿ ಮೇಲೆ ತೆರಿಗೆ ಹಾಕ್ತಾರಂತೆ ಅಂತ ಟಿ.ವಿ.ಯಲ್ಲಿ ಕೂಗಾಡಿದ್ದು ನೆನಪಿದೆಯಾ? ನಮ್ಮ ಹುಡುಗರೂ ಹೆದರಿ ಫೋನ್ ಮಾಡಿದ್ದರು. ಅಂಥ ತೆರಿಗೆ ಈ ದೇಶದಲ್ಲಿ 1985ರಲ್ಲೇ ರದ್ದಾಗಿದೆ. ಕೃಷಿ ಆದಾಯಕ್ಕೂ ಆದಾಯ ತೆರಿಗೆ ಇಲ್ಲ. ಅದರ ಚಿಂತೆ ಇರೋರು ಬೇರೆಯವರು. ನಮಗೆ ಅಪ್ಪನ ಆಸ್ತಿ ಕೈಗೆ ಬರೋದೇ ಇಲ್ಲವಲ್ಲ, ತೆರಿಗೆ ಎಲ್ಲಿಂದ ಬಂತು.

ಈಗ ನಮ್ಮ ಮನೆಯೊಳಗಿನ ಮಾತು. ಬೈಸಿಕೊಳ್ಳೋಕೆ ತಯಾರಾಗೇ ಬರೀತಿದ್ದೀನಿ. ಅರ್ಜಿ ಹಾಕುವಾಗ ನಮ್ಮಪ್ಪ, ಚಿಕ್ಕಪ್ಪ ಮಾಡಿಸಿದ ವಂಶವೃಕ್ಷದಲ್ಲಿ ಅತ್ತೆಯ ಹೆಸರೇ ಇರಲಿಲ್ಲ. "ಮದುವೆ ಮಾಡಿ ಕೊಟ್ಟಾಯ್ತಲ್ಲ" ಅಂದರು. ಯಾರ ಮದುವೆಗೆ ಹೊಲ ಹೋಯ್ತೋ, ಯಾರು ಚೀಟಿ ಕಾಪಾಡಿದರೋ, ಗಂಡ ತೀರಿಕೊಂಡು ತವರಿಗೆ ಬಂದು ಅದೇ ಹೊಲದಲ್ಲಿ ಕೂಲಿ ಮಾಡಿದರೋ, ಅವರನ್ನೇ ಕಾಗದದಿಂದ ತೆಗೆದಿದ್ದರು. ಹೆಣ್ಣುಮಕ್ಕಳಿಗೆ ಪಾಲು 2005ರ ತಿದ್ದುಪಡಿಯಿಂದ ಬಂತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ವಿಷಯ. ತಂದೆಯ ಸ್ವಂತ ಹೆಸರಿಗೆ ಬಂದ ಆಸ್ತಿ, ಅವನು ವಿಲ್ ಬರೆಯದೆ ಸತ್ತರೆ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು ಅನ್ನೋದು 1956ರ ಕಾನೂನಿನಲ್ಲೇ ಇದೆ. ನಮ್ಮ ತಾತ ಸತ್ತದ್ದು 1981ರಲ್ಲಿ. ಅವತ್ತೇ ಅತ್ತೆಗೆ ಪಾಲು ಹುಟ್ಟಿತ್ತು. ಹಿಂದೂ ಕೋಡ್ ಬಿಲ್ ನಿಂತುಹೋದದ್ದು ಬಾಬಾಸಾಹೇಬರು 1951ರಲ್ಲಿ ಮಂತ್ರಿಗಿರಿ ಬಿಟ್ಟ ಕಾರಣಗಳಲ್ಲಿ ಒಂದು. ಅವರ ಫೋಟೋ ಗೋಡೆಗೆ ಹಾಕಿ, ಅಕ್ಕತಂಗಿಯರ ಹತ್ತಿರ ಹಕ್ಕು ಬಿಡುಗಡೆ ಪತ್ರಕ್ಕೆ ಅರಿಶಿನ ಕುಂಕುಮ ಇಟ್ಟು ಸಹಿ ಹಾಕಿಸ್ಕೋತೀವಲ್ಲ, ನಾಚಿಕೆ ಆಗಬೇಕು. ನಾವು ಜಗಳ ಮಾಡಿ ವಂಶವೃಕ್ಷ ಮತ್ತೆ ಮಾಡಿಸಿದ್ವಿ. ಚಿಕ್ಕಪ್ಪ ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡಲ್ಲ.

ಇನ್ನೊಂದು ಎಚ್ಚರ. ಈ ಕಾಯ್ದೆಯಲ್ಲಿ ಕುಟುಂಬದೊಳಗಿನ ವಿಭಾಗ ಮತ್ತು ವಿಲ್ 'ಪರಭಾರೆ' ಅಲ್ಲ. ಈ ಕಿಂಡಿ ಬ್ರೋಕರ್‌ಗಳಿಗೆ ಚೆನ್ನಾಗಿ ಗೊತ್ತು. ಅಜ್ಜನಿಗೆ ದುಡ್ಡು ಕೊಟ್ಟು ಹೊರಗಿನವರ ಹೆಸರಿಗೆ ವಿಲ್ ಬರೆಸಿಕೊಳ್ತಾರೆ. ಕ್ರಯದ ಕರಾರು ಮಾತ್ರ ಸಾರ್, ಕ್ರಯ ಅಲ್ಲ ಅಂತ ಸಹಿ ಕೇಳ್ತಾರೆ. ಕರಾರೂ ನಿಷೇಧದೊಳಗೇ ಬರುತ್ತೆ, ನೆನಪಿರಲಿ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು, ಹಾಗಾಗಿ ಬ್ರೋಕರ್‌ಗಳ ಓಡಾಟ ಇನ್ನೂ ಜಾಸ್ತಿ. ಆ ಬ್ರೋಕರ್‌ಗಳಲ್ಲಿ ನೀಲಿ ಶಾಲು ಹಾಕಿದವರೂ ಇದ್ದಾರೆ. ಹೆಸರು ಹೇಳಲ್ಲ, ಓದ್ತಿದ್ದಾರೆ, ಅವರಿಗೆ ಗೊತ್ತಾಗುತ್ತೆ.

ತೋಟಿ, ತಳವಾರ, ನೀರಗಂಟಿ ಇನಾಮ್ತಿ ಜಮೀನಿನ ಬಗ್ಗೆ ತುಂಬಾ ಜನ ಕೇಳ್ತಾರೆ. ಇಲ್ಲೇ ದೊಡ್ಡ ಅನ್ಯಾಯ ಇರೋದು. 'ಮಂಜೂರಾದ ಜಮೀನು' ಅನ್ನೋ ವ್ಯಾಖ್ಯೆಯಿಂದ ವಂಶಪಾರಂಪರ್ಯ ಹುದ್ದೆಗಳ ಜಮೀನನ್ನ ಹೊರಗಿಟ್ಟಿದ್ದಾರೆ. ಅಂದರೆ ಸತ್ತ ದನ ಎಳೆದು, ತಮಟೆ ಬಡಿದು, ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದಕ್ಕೆ ಕೊಟ್ಟ ಭೂಮಿ, ನಮ್ಮವರ ಬೆವರಿಗೆ ಎಲ್ಲಕ್ಕಿಂತ ಹತ್ತಿರದ ಭೂಮಿ, ಅದಕ್ಕೆ ಈ ಕಾಯ್ದೆಯ ರಕ್ಷಣೆ ಇಲ್ಲ. ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನ ಪರಿಷತ್ತಿನಲ್ಲಿ ಮಹಾರ್ ವತನದ ಬಗ್ಗೆ ತಿದ್ದುಪಡಿ ಮಸೂದೆ ಮಂಡಿಸಿದ್ದರು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಆಗ ಅದೇ ಪ್ರಾಂತ್ಯದಲ್ಲಿದ್ದವು. ಸುಮಾರು ನೂರು ವರ್ಷ ಆಗ್ತಾ ಬಂತು. 2023ರಲ್ಲಿ ಕಾಯ್ದೆ ತಿದ್ದುವಾಗ ಈ ಒಂದು ಸಾಲನ್ನೂ ತೆಗೀಬಹುದಿತ್ತು. ತೆಗೀಲಿಲ್ಲ. ಮುಂದಿನ ಹೋರಾಟದ ಬೇಡಿಕೆಯಲ್ಲಿ ಇದು ಮೊದಲು ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ನಿಮ್ಮ ಮನೆಯಲ್ಲಿ ಹಳೇ ಟ್ರಂಕು, ಡಬ್ಬಿ, ತೊಲೆಗೆ ಸಿಕ್ಕಿಸಿದ ಕಾಗದ ಇದ್ದರೆ ಈ ಭಾನುವಾರ ತೆಗೆದು ನೋಡಿ. ಸಾಗುವಳಿ ಚೀಟಿಯ ಹಿಂಭಾಗವನ್ನೂ ಓದಿ, ಷರತ್ತು ಅಲ್ಲೂ ಇರುತ್ತೆ. ಎಷ್ಟು ವರ್ಷದ ನಿರ್ಬಂಧ ಅನ್ನೋದು ಆಯಾ ಕಾಲದ ನಿಯಮದ ಮೇಲೆ ಬೇರೆ ಬೇರೆ, ಅದರ ಮೇಲೇ ನಿಮ್ಮ ಕೇಸು ನಿಲ್ಲೋದು. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ನನಗೂ ಕೊಡಬೇಡಿ. ಜೆರಾಕ್ಸ್ ತನ್ನಿ.

ನಮ್ಮ ಕೇಸು ಮುಂದಿನ ಬುಧವಾರ 11 ಗಂಟೆಗೆ ಇದೆ. ಅತ್ತೆ ಟ್ರಂಕನ್ನೇ ತರ್ತೀನಿ ಅಂತ ಹಟ ಹಿಡಿದಿದ್ದಾರೆ. ಬಿಡುವಿದ್ದವರು ಬನ್ನಿ, ಸುಮ್ಮನೆ ಹಿಂದೆ ನಿಂತುಕೊಳ್ಳಿ ಸಾಕು.

ಜೈ ಭೀಮ್.