ಆ ದಾರಿ ಖಾಲಿಯಿಲ್ಲ

ವಸಂತ ಬಂತೆಂದರೆ ಪುಣೆ, ಮುಂಬಯಿಗಳ ಬೈಕ್ ಸವಾರರ ತಂಡಗಳು ಮುಳಶಿ ದಾಟಿ ತಾಮ್ಹಿಣಿ ಘಾಟಿಗೆ ಹೊರಡುತ್ತವೆ. ನಮ್ಮ ಕನ್ನಡದ ಹುಡುಗರೂ ಅವುಗಳಲ್ಲಿದ್ದಾರೆ. ಹಿಂದಿರುಗಿದವರ ಬಾಯಲ್ಲಿ ಒಂದೇ ಮಾತು: “ದಾರಿ ಪೂರ್ತಿ ಖಾಲಿ!” ನನ್ನ ತಕರಾರು ಈ ಮಾತಿನ ಬಗ್ಗೆಯೇ.

ಖಾಲಿ ಯಾರ ಪಾಲಿಗೆ? ಮುತ್ತುಗ ಹೂಬಿಡುವ ಮಾರ್ಚ್ ತಿಂಗಳೇ ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷಾಕಾಲ. ದಾರಿಯಂಚಿನ ಮನೆಯಲ್ಲಿ ಓದಲು ಕುಳಿತ ಮಗುವಿಗೆ ಇಪ್ಪತ್ತು ಬೈಕುಗಳ ಬದಲಿಸಿದ ಸೈಲೆನ್ಸರು ಸಂಗೀತವಾಗದು. ಎಲ್ಲರೂ ನಿಂತು ಚಿತ್ರ ತೆಗೆಯುವ ಮುಳಶಿಯ ನೀರು ಕೂಡ ಸಹಜ ಸರೋವರವಲ್ಲ, ಊರುಗಳನ್ನು ಮುಳುಗಿಸಿದ ಜಲಾಶಯ. ಅದನ್ನು ತಡೆಯಲು 1921ರಲ್ಲಿ ಅಲ್ಲಿನ ರೈತರು ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟ್ ಸೆರೆಮನೆ ಸೇರಿದರು. ನೆಲ ಕಳೆದುಕೊಂಡ ಸೀಮೆ ಈಗ ನೆಮ್ಮದಿಯನ್ನೂ ಬಿಟ್ಟುಕೊಡಬೇಕೆ?

“ಸದ್ದು ಜೋರಾಗಿದ್ದರೆ ಎದುರಿನವರು ಎಚ್ಚರಗೊಳ್ಳುತ್ತಾರೆ” ಎಂಬ ಸಮರ್ಥನೆಯುಂಟು. ತಿರುವಿನಲ್ಲಿ ಜೀವ ಉಳಿಸುವುದು ಹಿಡಿತದಲ್ಲಿರುವ ವೇಗ. 175 ಸಿಸಿ ಮೀರಿದ ದ್ವಿಚಕ್ರ ವಾಹನಕ್ಕೆ ನಿಯಮ ಹಾಕಿದ ಮಿತಿ 80 ಡೆಸಿಬಲ್. 2019ರ ತಿದ್ದುಪಡಿಯಂತೆ ಶಬ್ದಮಿತಿ ಮುರಿದವರಿಗೆ 10,000 ರೂಪಾಯಿಯವರೆಗೆ ದಂಡವಿದೆ. ಆದರೆ ಘಾಟಿಯ ಪ್ರತಿ ತಿರುವಿನಲ್ಲೂ ಪೊಲೀಸರು ನಿಲ್ಲಲಾರರು. ಅಲ್ಲಿ ಕಾಯಬೇಕಾದದ್ದು ನಮ್ಮ ಮರ್ಯಾದೆ.

ಹೋಗಬೇಡಿ ಎನ್ನುತ್ತಿಲ್ಲ. ಕಂಪನಿಯ ಮೂಲ ಸೈಲೆನ್ಸರನ್ನೇ ಉಳಿಸಿಕೊಳ್ಳಿ. ಇಪ್ಪತ್ತರ ಹಿಂಡನ್ನು ನಾಲ್ಕೈದರ ಗುಂಪುಗಳಾಗಿ ಒಡೆಯಿರಿ. ಊರು ಬಂದಾಗ ನಿಧಾನಿಸಿ. ಕೋಗಿಲೆಯ ಕೂಗು ಆಗ ನಿಮಗೂ ಕೇಳಿಸೀತು.